ಮಲ್ಲಿಗೆಯ ಘಮ, ನೇರಳೆ ಬಣ್ಣದ ಚೀಲ

ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಮಾಡುವ ಕೆಲಸದ ಬಗ್ಗೆ ಇವತ್ತಿನ ಮಾತು. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ, ಬೆಳಗ್ಗೆ ಆರೂವರೆ ಇರಬೇಕು, ನಮ್ಮ ಹಿಂದಿನ ಬೀದಿಯ ಮನೆಯ ಸೊಸೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಸಾರ್, ಅತ್ತೆಯ ಯೂರಿನ್ ಬ್ಯಾಗು ನೇರಳೆ ಬಣ್ಣಕ್ಕೆ ತಿರುಗಿದೆ. ಸ್ವಲ್ಪ ಬಂದು ನೋಡ್ತೀರಾ?" ನಾನು ಡಾಕ್ಟರ್ ಅಲ್ಲ, ಬಯೋಕೆಮಿಸ್ಟ್ರಿ ಮೇಷ್ಟ್ರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡ್ತೀನಿ ಅಂದರೆ ಬೀದಿಯವರಿಗೆಲ್ಲ ನಾನೂ ಡಾಕ್ಟರೇ. ಡಾಕ್ಟರಿಗೆ ಫೋನ್ ಮಾಡಿ ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದೆ.

ಅಜ್ಜಿಗೆ 82 ವರ್ಷ. ಬಚ್ಚಲಲ್ಲಿ ಜಾರಿ ತೊಡೆ ಮೂಳೆ ಮುರಿದು ಎರಡು ತಿಂಗಳಿಂದ ಹಾಸಿಗೆ. ಮೂತ್ರಕ್ಕೆ ಕ್ಯಾಥೆಟರ್ ಅನ್ನುವ ಕೊಳವೆ ಹಾಕಿದ್ದರು. ಮಂಚದ ಕಂಬಿಗೆ ನೇತುಹಾಕಿದ್ದ ಚೀಲ ನೋಡಿದೆ. ಯಾರೋ ನೇರಳೆ ಹಣ್ಣು ಕಿವುಚಿ ತುಂಬಿಸಿದ ಹಾಗಿತ್ತು. ಬರೀ ಒಳಗಿನ ನೀರಲ್ಲ, ಚೀಲದ ಪ್ಲಾಸ್ಟಿಕ್ಕೇ ಬಣ್ಣ ಹೀರಿತ್ತು. ಅಜ್ಜಿಗೆ ಜ್ವರವಿಲ್ಲ, ನೋವಿಲ್ಲ. "ಎಂಟು ದಿನದಿಂದ ಹೊಟ್ಟೆ ಸರಿಯಾಗಿ ಹೋಗಿಲ್ಲ, ಅದೊಂದೇ" ಅಂದರು. ಸೊಸೆ ಆಗಲೇ ದೇವರಿಗೆ ಹರಕೆ ಹೊತ್ತುಬಿಟ್ಟಿದ್ದರು.

ಆ ಬಣ್ಣ ಬಂದದ್ದು ಅಜ್ಜಿ ತಿಂದ ತೊಗರಿಬೇಳೆ ಸಾರಿನಿಂದ, ಕುಡಿದ ಹಾಲಿನಿಂದ. ನಗಬೇಡಿ, ಹೇಳ್ತೀನಿ. ಬೇಳೆ, ಹಾಲು, ಮೊಟ್ಟೆ ಇವುಗಳ ಪ್ರೊಟೀನಿನಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲ ಇರುತ್ತದೆ. ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲೇ ರಕ್ತ ಸೇರುತ್ತದೆ. ಉಳಿದ ಚೂರುಪಾರು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಅದರ ಬಾಲ ಕತ್ತರಿಸಿ ಇಂಡೋಲ್ ಅನ್ನುವ ಪುಟ್ಟ ಅಣು ಮಾಡುತ್ತವೆ. ಇಂಡೋಲ್ ರಕ್ತದ ಜೊತೆ ಲಿವರಿಗೆ ಹೋಗುತ್ತದೆ. ಲಿವರ್ ಅದಕ್ಕೊಂದು ಗಂಧಕದ ತುಣುಕು ಅಂಟಿಸಿ ಇಂಡಾಕ್ಸಿಲ್ ಸಲ್ಫೇಟ್ ಮಾಡುತ್ತದೆ. ಕಿಡ್ನಿ ಅದನ್ನು ಮೂತ್ರಕ್ಕೆ ತಳ್ಳುತ್ತದೆ. ಇಷ್ಟೆಲ್ಲ ನಿಮ್ಮಲ್ಲೂ ನನ್ನಲ್ಲೂ ದಿನಾ ನಡೆಯುವ ಕೆಲಸ. ಬಣ್ಣ ಗಿಣ್ಣ ಏನೂ ಇಲ್ಲ.

ಅಜ್ಜಿಯ ವಿಷಯದಲ್ಲಿ ಎರಡು ವಿಶೇಷ ಇತ್ತು. ಮಲಬದ್ಧತೆಯಿಂದಾಗಿ ಕರುಳಿನ ಬ್ಯಾಕ್ಟೀರಿಯಾಗಳಿಗೆ ಪುರುಸೊತ್ತು ಜಾಸ್ತಿ ಸಿಕ್ಕಿತ್ತು, ಹಾಗಾಗಿ ಇಂಡೋಲೂ ಜಾಸ್ತಿ. ಎರಡನೆಯದು, ಬಹಳ ದಿನದ ಕ್ಯಾಥೆಟರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಮನೆ ಮಾಡಿದ್ದವು. ಕ್ಲೆಬ್ಸಿಯೆಲ್ಲಾ, ಪ್ರಾವಿಡೆನ್ಸಿಯಾ, ಪ್ರೋಟಿಯಸ್ ಇಂಥವು. ಅವು ಲಿವರ್ ಅಂಟಿಸಿದ ಗಂಧಕದ ತುಣುಕನ್ನು ಕಿತ್ತುಹಾಕುತ್ತವೆ. ಆಮೇಲೆ ಗಾಳಿ ತಾಗಿದಾಗ ಉಳಿದ ಅಣುಗಳು ಎರಡೆರಡಾಗಿ ಕೂಡಿಕೊಳ್ಳುತ್ತವೆ. ಒಂದು ರೀತಿ ಕೂಡಿದರೆ ಇಂಡಿಗೊ, ನೀಲಿ. ಇನ್ನೊಂದು ರೀತಿ ಕೂಡಿದರೆ ಇಂಡಿರುಬಿನ್, ಕೆಂಪು. ನೀಲಿ ಕೆಂಪು ಸೇರಿದರೆ ಏನು ಬಣ್ಣ ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನೀವು ಹಾಕಿರುವ ಜೀನ್ಸ್ ಪ್ಯಾಂಟಿನ ನೀಲಿಯೂ ಇದೇ ಇಂಡಿಗೊ. ವೈದ್ಯಕೀಯ ಪತ್ರಿಕೆಯಲ್ಲಿ ಈ ನೇರಳೆ ಚೀಲದ ವರದಿ ಮೊದಲು ಬಂದದ್ದು 1978ರಲ್ಲಿ.

ಈಗ ಇಂಡೋಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂರನೇ ಸಾಲಿನಲ್ಲಿ ಒಬ್ಬರು ದುಂಡು ಮಲ್ಲಿಗೆ ಮುಡಿದು ಬಂದಿದ್ದಾರೆ, ಇಲ್ಲಿಯವರೆಗೂ ಘಮ ಬರ್ತಿದೆ. ಆ ಘಮದಲ್ಲಿ ಇಂಡೋಲ್ ಇದೆ. ಇದೇ ಅಣು ದಟ್ಟವಾಗಿದ್ದರೆ ಮಲದ ವಾಸನೆ, ತೆಳುವಾಗಿ ಬೇರೆ ಪರಿಮಳಗಳ ಜೊತೆ ಬೆರೆತರೆ ಮಲ್ಲಿಗೆಯ ಗಾಢತೆ. ಮಲ್ಲಿಗೆ ದಂಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮರೆತು, ಮರುದಿನ ಬಿಚ್ಚಿ ಮೂಗು ಮುಚ್ಚಿಕೊಂಡಿದ್ದೀರಲ್ವಾ? ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದ ವರ್ಷ ಹುಡುಗಿಯೊಬ್ಬಳು "ಸಾರ್, ಇನ್ನು ಹೂ ಮುಡಿಯೋದು ಹೇಗೆ" ಅಂತ ಬೈದಳು.

ಹಾಗಾದರೆ ಇಂಡೋಲ್ ಒಳ್ಳೆಯದೋ ಕೆಟ್ಟದೋ? ಕರುಳಿನ ಗೋಡೆಯ ಜೀವಕೋಶಗಳನ್ನು ಕೇಳಿದರೆ ಒಳ್ಳೆಯದು ಅನ್ನುತ್ತವೆ. ಇಂಡೋಲ್ ಮತ್ತು ಅದರ ಅಣ್ಣತಮ್ಮಂದಿರು ಆ ಕೋಶಗಳಿಗೆ ಒಂದು ಸೂಚನೆ ಇದ್ದಂತೆ. ಕೋಶ ಕೋಶದ ನಡುವಿನ ಬೆಸುಗೆ ಬಿಗಿಯಾಗುತ್ತದೆ, ಗೋಡೆ ಸೋರುವುದು ಕಮ್ಮಿಯಾಗುತ್ತದೆ. ಈಗ ಡಯಾಲಿಸಿಸ್ ವಾರ್ಡಿಗೆ ಬನ್ನಿ. ಅಲ್ಲಿ ಕಿಡ್ನಿ ಕೈಕೊಟ್ಟಿದೆ, ಇಂಡಾಕ್ಸಿಲ್ ಸಲ್ಫೇಟ್ ಹೊರಗೆ ಹೋಗುತ್ತಿಲ್ಲ, ರಕ್ತದಲ್ಲಿ ಏರುತ್ತಿದೆ. ಅದು ರಕ್ತನಾಳದ ಒಳಪದರಕ್ಕೆ, ಉಳಿದ ಕಿಡ್ನಿಗೂ ಹಾನಿ ಮಾಡುವ ವಸ್ತು. ಯಂತ್ರ ತೆಗೆದುಹಾಕಲ್ವಾ ಅಂತ ಕೇಳಬಹುದು. ಯೂರಿಯಾವನ್ನು ತೆಗೆದಷ್ಟು ಸಲೀಸಾಗಿ ಇದನ್ನು ತೆಗೆಯಲು ಆಗಲ್ಲ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ರಕ್ತದ ಆಲ್ಬುಮಿನ್ ಪ್ರೊಟೀನಿಗೆ ಕಚ್ಚಿಕೊಂಡಿರುತ್ತದೆ. ಡಯಾಲಿಸಿಸ್ ಜರಡಿಯ ತೂತಿನಲ್ಲಿ ಆಲ್ಬುಮಿನ್ ಹೋಗಲ್ಲ, ಅದನ್ನು ಹಿಡಿದುಕೊಂಡದ್ದೂ ಹೋಗಲ್ಲ. ಜಪಾನಿನಲ್ಲಿ ಕಿಡ್ನಿ ರೋಗಿಗಳಿಗೆ ಒಂದು ಬಗೆಯ ಇದ್ದಿಲಿನ ಗುಳಿಗೆ ಕೊಡುತ್ತಾರೆ. ಕರುಳಿನಲ್ಲೇ ಇಂಡೋಲನ್ನು ಹೀರಿ ಮಲದ ಜೊತೆ ಹೊರಗೆ ಹಾಕುವುದು ಅದರ ಲೆಕ್ಕಾಚಾರ.

ಬೇಳೆ ಅದೇ, ಬ್ಯಾಕ್ಟೀರಿಯಾ ಅದೇ, ಮೂಲ ಅಣು ಅದೇ. ಕರುಳಿನಲ್ಲಿ ಸಿಮೆಂಟು, ಕಿಡ್ನಿ ಸೋತವರ ರಕ್ತದಲ್ಲಿ ವಿಷ, ಅಜ್ಜಿಯ ಚೀಲದಲ್ಲಿ ಬರೀ ಬಣ್ಣ. ಅದಕ್ಕೇ ನನಗೆ 'ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ' ಅನ್ನುವ ಜಾಹೀರಾತು ಕಂಡರೆ ಮೈ ಉರಿಯುತ್ತದೆ. ಹೊಟ್ಟೆಯಲ್ಲಿ ಯಾರಿದ್ದಾರೆ ಅಂತ ಮತದಾರರ ಪಟ್ಟಿ ಓದಿದರೆ ಆಯಿತಾ? ಅವರು ಏನು ಅಡುಗೆ ಮಾಡುತ್ತಾರೆ, ಅದು ಯಾರ ಎಲೆಗೆ ಹೋಗುತ್ತದೆ, ಅದನ್ನು ಕೇಳಬೇಕು.

ಪಟ್ಟಿಯ ಮಾತು ಬಂತು, ಒಂದು ಲೆಕ್ಕ ಸರಿ ಮಾಡಿಬಿಡ್ತೀನಿ. ನಮ್ಮ ದೇಹದಲ್ಲಿ ನಮ್ಮ ಕೋಶಗಳ ಹತ್ತರಷ್ಟು ಬ್ಯಾಕ್ಟೀರಿಯಾ, ತೂಕ ಎರಡು ಕಿಲೋ ಅಂತ ವಾಟ್ಸಾಪಿನಲ್ಲಿ ಈಗಲೂ ಓಡಾಡುತ್ತದೆ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕೂತು ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶ ಸುಮಾರು 30 ಲಕ್ಷ ಕೋಟಿ. ಹೆಚ್ಚುಕಮ್ಮಿ ಸರಿಸಮ. ತೂಕ 200 ಗ್ರಾಂ. ಒಂದು ಮೊಸರಿನ ಪ್ಯಾಕೆಟ್ಟಿನಷ್ಟು.

ಸರಿ, ಅವರೆಕಾಯಿಗೆ ಬರೋಣ. ಈಗ ಸೊಗಡಿನ ಕಾಲ, ಎಲ್ಲರ ಮನೆಯಲ್ಲೂ ಹಿತಕಿದ ಬೇಳೆ ಸಾರು. ರಾತ್ರಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಿಮ್ಮ ಪಕ್ಕ ಮಲಗಿದವರಿಗೂ ಗೊತ್ತು. ಅವರೆ, ಹುರುಳಿ, ಕಡಲೆಯಲ್ಲಿ ರ್‍ಯಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ತುಂಡು ಮಾಡುವ ಕತ್ತರಿ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಇಡಿಯಾಗಿ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹೈಡ್ರೋಜನ್ ಬರುತ್ತದೆ, ಕೆಲವರಲ್ಲಿ ಮೀಥೇನೂ ಬರುತ್ತದೆ. ನಮ್ಮ ಸ್ವಂತ ಜೀವಕೋಶಗಳು ಹೈಡ್ರೋಜನ್ ಅನಿಲ ಮಾಡುವುದೇ ಇಲ್ಲ. ಹಾಗಾಗಿ ಉಸಿರಿನಲ್ಲಿ ಹೈಡ್ರೋಜನ್ ಅಳೆದು ಕರುಳಿನೊಳಗೆ ಹುದುಗುವಿಕೆ ಎಷ್ಟು ನಡೆದಿದೆ ಅಂತ ಹೇಳಬಹುದು. ಆಸ್ಪತ್ರೆಯಲ್ಲಿ ಹಾಲು ಜೀರ್ಣವಾಗದವರಿಗೆ ಮಾಡುವ ಉಸಿರಿನ ಪರೀಕ್ಷೆ ಇದೇ. ಕಾಳು ರಾತ್ರಿ ನೆನೆಸಿ ಆ ನೀರು ಚೆಲ್ಲಿದರೆ ಈ ಸಕ್ಕರೆಗಳ ಒಂದು ಪಾಲು ನೀರಿನ ಜೊತೆ ಹೋಗುತ್ತದೆ. ಅಮ್ಮಂದಿರಿಗೆ ಇದು ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಿತ್ತು.

ಗ್ಯಾಸು ನಮ್ಮ ಗಮನಕ್ಕೆ ಬರುತ್ತದೆ, ಅದರ ಜೊತೆ ತಯಾರಾದದ್ದು ಬರಲ್ಲ. ಅದೇ ಒಲೆಯ ಮೇಲೆ ಮೂರು ಪುಟ್ಟ ಆಮ್ಲಗಳೂ ಬೇಯುತ್ತವೆ. ಅಸಿಟೇಟ್, ಅಂದರೆ ವಿನಿಗರಿನ ಹುಳಿ. ಪ್ರೊಪಿಯೋನೇಟ್. ಮೂರನೆಯದು ಬ್ಯುಟಿರೇಟ್. ಕಮಟು ಬಂದ ಬೆಣ್ಣೆಯ ವಾಸನೆ ಇದರದ್ದು, ಹೆಸರೂ ಲ್ಯಾಟಿನ್ನಿನ ಬೆಣ್ಣೆಯಿಂದಲೇ ಬಂದದ್ದು. ನಮ್ಮ ದೇಹದ ಹೆಚ್ಚಿನ ಕೋಶಗಳು ರಕ್ತದಿಂದ ಊಟ ತೆಗೆದುಕೊಂಡರೆ, ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಸುಮಾರು ನೂರಕ್ಕೆ 70 ಪಾಲನ್ನು ಈ ಬ್ಯುಟಿರೇಟಿನಿಂದ ಪಡೆಯುತ್ತವೆ. ಅಂದರೆ ಆ ಕೋಶಗಳು ಬಾಡಿಗೆದಾರರ ಅಡುಗೆ ಮನೆಯಲ್ಲಿ ಉಣ್ಣುವ ಮನೆ ಮಾಲೀಕರು.

ಅಡುಗೆ ನಿಂತರೆ? ಕೆಲವರಿಗೆ ಆಪರೇಷನ್ ಮಾಡಿ ಮಲವನ್ನು ಹೊಟ್ಟೆಯ ಮೇಲಿನ ತೂತಿನಿಂದ ಹೊರಗೆ ತಿರುಗಿಸಿರುತ್ತಾರೆ. ಕೆಳಗಿನ ಕರುಳಿನ ಭಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ರಕ್ತ ಹರಿಯುತ್ತಿದೆ, ಕೊಳೆ ಇಲ್ಲ, ಚೊಕ್ಕಟವಾಗಿದೆ. ಆರಾಮಾಗಿರಬೇಕಲ್ವಾ? ಅದು ಕೆಂಪಾಗಿ ಊದಿಕೊಳ್ಳುತ್ತದೆ, ರಕ್ತ ಜಿನುಗುತ್ತದೆ. 1989ರಲ್ಲಿ ಅಮೆರಿಕದ ವೈದ್ಯರು ಕೆಲವೇ ರೋಗಿಗಳಲ್ಲಿ ಆ ಖಾಲಿ ಕರುಳಿಗೆ ಈ ಆಮ್ಲಗಳ ದ್ರಾವಣವನ್ನು ಎನಿಮಾ ಹಾಗೆ ಕೊಟ್ಟರು. ಉರಿಯೂತ ಇಳಿಯಿತು. ಮುಂದೆ ಬೇರೆಯವರು ಮಾಡಿದ ಇನ್ನೊಂದು ಪ್ರಯೋಗದಲ್ಲಿ ಇಷ್ಟು ಚೆನ್ನಾಗಿ ಫಲ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಕರುಳನ್ನು ಮತ್ತೆ ಜೋಡಿಸಿ ಮಲ ಹರಿಯಲು ಬಿಟ್ಟರೆ ಕಾಯಿಲೆ ವಾಸಿಯಾಗುತ್ತದೆ. ಇದರ ಬಗ್ಗೆ ಯಾರಿಗೂ ಅನುಮಾನ ಇಲ್ಲ.

ಇನ್ನೊಂದು ಪ್ರಯೋಗ ಮಿಶಿಗನ್ನಿನದು, 2016ರದ್ದು. ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾ ಮಾತ್ರ ಇರುವ ಇಲಿಗಳಿಗೆ ನಾರಿಲ್ಲದ ಊಟ ಹಾಕಿದರು. ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಬಳಿದಿರುವ ಲೋಳೆಯನ್ನೇ ಮೇಯತೊಡಗಿದವು. ಲೋಳೆ ತೆಳುವಾಯಿತು. ಆಗ ರೋಗಾಣು ಬಿಟ್ಟಾಗ ಇಲಿಗಳು ತಡೆದುಕೊಳ್ಳಲಿಲ್ಲ. ಬಾಡಿಗೆದಾರರಿಗೆ ಅಕ್ಕಿ ಬೇಳೆ ಕೊಡದಿದ್ದರೆ ಬಾಗಿಲು ಕಿಟಕಿ ಕಿತ್ತು ಸೌದೆ ಮಾಡುತ್ತಾರೆ.

ಹಾಗಾದರೆ ಎರಡು ಚಮಚ ತುಪ್ಪ ತಿಂದರೆ ಸಾಕಲ್ವಾ, ಅದರಲ್ಲೇ ಬ್ಯುಟಿರೇಟ್ ಇದೆಯಲ್ಲ ಅಂತ ಈ ಮಾತು ಹೇಳಿದ ಕಡೆಯಲ್ಲೆಲ್ಲ ಯಾರಾದರೂ ಕೇಳುತ್ತಾರೆ. ಇದೆ. ಆದರೆ ಅದು ಮೇಲಿನ ಕರುಳಿನಲ್ಲೇ ಹೀರಿಹೋಗುತ್ತದೆ, ದೊಡ್ಡ ಕರುಳಿನವರೆಗೆ ಬರಲ್ಲ. ಅಲ್ಲಿಗೆ ತಲುಪಬೇಕಾದರೆ ಅಲ್ಲೇ ತಯಾರಾಗಬೇಕು. ಅದಕ್ಕೆ ಬೇಕಾದದ್ದು ರಾಗಿ, ಸೊಪ್ಪು, ಕಾಳು, ಮಾಡಿಟ್ಟು ಆರಿದ ತಂಗಳನ್ನ. ಅನ್ನ ಆರಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ನಮ್ಮ ಕಿಣ್ವಗಳಿಗೆ ಸಿಗದ ಹಾಗೆ ಗಟ್ಟಿಯಾಗುತ್ತದೆ. ತುಪ್ಪ ತಿನ್ನಿ, ರುಚಿಗೆ ತಿನ್ನಿ.

ಈಗ ಮಾತ್ರೆಗಳ ಕಥೆ. ನನಗೆ ಬಹಳ ಇಷ್ಟದ ಕಥೆ, ಸ್ವಲ್ಪ ಹೊತ್ತು ನಿಲ್ತೀನಿ. 1930ರ ದಶಕದಲ್ಲಿ ಜರ್ಮನಿಯ ಗೆರ್‌ಹಾರ್ಡ್ ಡೊಮಾಕ್ ಪ್ರಾಂಟೊಸಿಲ್ ಅನ್ನುವ ಕೆಂಪು ಬಣ್ಣದ ವಸ್ತು ಸೋಂಕು ತಗುಲಿದ ಇಲಿಗಳನ್ನು ಉಳಿಸುತ್ತದೆ ಅಂತ ಕಂಡುಹಿಡಿದರು. ವಿಚಿತ್ರ ಏನೆಂದರೆ, ಅದೇ ವಸ್ತುವನ್ನು ಗಾಜಿನ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಮೇಲೆ ಹಾಕಿದರೆ ಏನೂ ಆಗುತ್ತಿರಲಿಲ್ಲ. 1935ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು. ದೇಹದೊಳಗೆ ಪ್ರಾಂಟೊಸಿಲ್ ಎರಡು ತುಂಡಾಗುತ್ತದೆ, ಅದರಲ್ಲಿ ಬಣ್ಣವಿಲ್ಲದ ಒಂದು ತುಂಡೇ ನಿಜವಾದ ಮದ್ದು, ಸಲ್ಫಾ. ಹಾಗೆ ತುಂಡು ಮಾಡುವ ಕೆಲಸದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳಿಗೂ ಪಾಲಿದೆ ಅಂತ ಆಮೇಲೆ ಗೊತ್ತಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಮದ್ದನ್ನು ಬ್ಯಾಕ್ಟೀರಿಯಾಗಳೇ ತಯಾರು ಮಾಡಿಕೊಟ್ಟವು!

ಕರುಳಿನ ಹುಣ್ಣಿಗೆ, ಕೀಲುವಾತಕ್ಕೆ ಕೊಡುವ ಸಲ್ಫಸಲಜೀನ್ ಮಾತ್ರೆ ಇಲ್ಲಿ ಕೆಲವರು ನುಂಗುತ್ತಿರಬಹುದು. ಅದೂ ಹೀಗೆಯೇ. ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಕತ್ತರಿಸಿದ ಮೇಲೆ ಮದ್ದಾಗುತ್ತದೆ. ಹುಟ್ಟಿದಾಗಿನಿಂದ ಬ್ಯಾಕ್ಟೀರಿಯಾ ಸೋಕದ ಹಾಗೆ ಸಾಕಿದ ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ತುಂಡಾಗದೆ ಹಾಗೇ ಹೊರಗೆ ಬಂತು.

ಉಲ್ಟಾ ಕಥೆಯೂ ಇದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಗೊತ್ತಲ್ಲ, ಹಳೆಯ ಮಾತ್ರೆ. ಕೆಲವರಿಗೆ ಎಷ್ಟು ಕೊಟ್ಟರೂ ರಕ್ತದಲ್ಲಿ ಏರುತ್ತಿರಲಿಲ್ಲ. ನ್ಯೂಯಾರ್ಕಿನ ಜಾನ್ ಲಿಂಡೆನ್‌ಬಾಮ್ ಮತ್ತು ಜೊತೆಯವರು 1981ರಲ್ಲಿ ತೋರಿಸಿದ್ದು ಇದು: ಇಂಥವರ ಕರುಳಿನ ಬ್ಯಾಕ್ಟೀರಿಯಾ ಮಾತ್ರೆಯನ್ನು ಕೆಲಸಕ್ಕೆ ಬಾರದ ವಸ್ತುವಾಗಿ ಮಾರ್ಪಡಿಸುತ್ತಿದೆ. ಅವರಿಗೆ ಬೇರೆ ಯಾವುದೋ ಕಾರಣಕ್ಕೆ ಆಂಟಿಬಯೋಟಿಕ್ ಕೊಟ್ಟರೆ ಡಿಗಾಕ್ಸಿನ್ ಮಟ್ಟ ದಿಢೀರ್ ಏರಬಹುದು. ಡಿಗಾಕ್ಸಿನ್ನಿನಲ್ಲಿ ಮದ್ದಿಗೂ ವಿಷಕ್ಕೂ ಅಂತರ ಬಹಳ ಕಮ್ಮಿ.

ಇದೇ ಗುಂಪು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿ. ಐ. ಮಥಾನ್ ಅವರ ಜೊತೆ ಸೇರಿ ದಕ್ಷಿಣ ಭಾರತದವರನ್ನೂ ಪರೀಕ್ಷೆ ಮಾಡಿತು. 1989ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನಲ್ಲಿ ನೂರಕ್ಕೆ ಸುಮಾರು 36 ಜನರ ಕರುಳು ಡಿಗಾಕ್ಸಿನ್ನನ್ನು ಹೀಗೆ ಹಾಳು ಮಾಡುತ್ತಿತ್ತು, ನಮ್ಮ ಕಡೆ ಸುಮಾರು 14 ಜನರದ್ದು ಮಾತ್ರ. ನಮ್ಮಲ್ಲೂ ಹಳ್ಳಿಯವರಿಗಿಂತ ಪಟ್ಟಣದವರಲ್ಲಿ ಜಾಸ್ತಿ. ಮಾತ್ರೆ ಒಂದೇ, ಊರು ಬದಲಾದರೆ ಫಲ ಬದಲು.

ಈ ಕೆಲಸ ಮಾಡುವ ಬ್ಯಾಕ್ಟೀರಿಯಾದ ಹೆಸರು ಎಗರ್ತೆಲ್ಲಾ ಲೆಂಟಾ. ಹೆಸರು ಸಿಕ್ಕಿತಲ್ಲ, ಮಲ ಪರೀಕ್ಷೆ ಮಾಡಿಸಿ ಅದು ಇದೆಯೋ ಇಲ್ಲವೋ ನೋಡಿದರೆ ಮುಗೀತು ಅಂದುಕೊಂಡರು. ಮುಗಿಯಲಿಲ್ಲ. ಅದು ಹೊಟ್ಟೆಯಲ್ಲಿದ್ದೂ ಡಿಗಾಕ್ಸಿನ್ ಮುಟ್ಟದವರಿದ್ದರು. 2013ರಲ್ಲಿ ಕಾರಣ ಗೊತ್ತಾಯಿತು. ಅದೇ ಹೆಸರಿನ ಕೆಲವು ತಳಿಗಳಲ್ಲಿ ಮಾತ್ರ ಆ ಕೆಲಸದ ಜೀನುಗಳಿವೆ. ಕುಲಗೋತ್ರ ಒಂದೇ, ಕಸುಬು ಬೇರೆ. ಮನೆಗೆ ಡಬ್ಬಿ ಕಳಿಸಿ, ಮಲ ತರಿಸಿಕೊಂಡು, ಬಣ್ಣ ಬಣ್ಣದ ರಿಪೋರ್ಟ್ ಕೊಡುವವರು ಈಗ ಹುಟ್ಟಿಕೊಂಡಿದ್ದಾರಲ್ಲ, ಅವರು ಹೇಳುವುದು ಬಹುಪಾಲು ಕುಲಗೋತ್ರ. ಸಾವಿರಾರು ರೂಪಾಯಿ ಕೊಟ್ಟು ಅದನ್ನು ತಿಳಿದುಕೊಂಡು ಏನು ಮಾಡ್ತೀರಿ ಅನ್ನುವುದು ನನ್ನ ಪ್ರಶ್ನೆ.

ಮಾಂಸದ ವಿಷಯ ಬೇಗ ಹೇಳಿ ಮುಗಿಸ್ತೀನಿ, ಯಾಕೆಂದರೆ ಇಲ್ಲಿ ಜಗಳ ಇನ್ನೂ ನಡೆಯುತ್ತಿದೆ. ಕುರಿ, ದನದ ಮಾಂಸದಲ್ಲಿ ಕಾರ್ನಿಟಿನ್, ಮೊಟ್ಟೆಯಲ್ಲಿ ಕೋಲಿನ್ ಇರುತ್ತದೆ. ಬ್ಯಾಕ್ಟೀರಿಯಾಗಳು ಅದರಿಂದ ಒಂದು ಗಬ್ಬು ಅನಿಲ ಮಾಡುತ್ತವೆ, ಲಿವರ್ ಅದನ್ನು ಟಿಎಂಎಒ ಅನ್ನುವ ಅಣುವಾಗಿ ಬದಲಾಯಿಸುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ಗುಂಪು 2013ರಲ್ಲಿ 4,007 ರೋಗಿಗಳನ್ನು ಮೂರು ವರ್ಷ ಗಮನಿಸಿ, ರಕ್ತದಲ್ಲಿ ಟಿಎಂಎಒ ಜಾಸ್ತಿ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಅಂತ ಹೇಳಿತು. ಇನ್ನೂ ಮಜಾ ಎಂದರೆ, ಐದಾರು ವರ್ಷ ಮಾಂಸ, ಹಾಲು ಏನೂ ಮುಟ್ಟದ ಒಬ್ಬರಿಗೆ ಪ್ರಯೋಗಕ್ಕಾಗಿ ಮಾಂಸ ತಿನ್ನಿಸಿದರು. ಅವರ ರಕ್ತದಲ್ಲಿ ಟಿಎಂಎಒ ಏರಲೇ ಇಲ್ಲ ಅನ್ನುವಷ್ಟು ಕಮ್ಮಿ. ಅಡುಗೆಯವರೇ ಇರಲಿಲ್ಲ ಆ ಹೊಟ್ಟೆಯಲ್ಲಿ.

ಹಾಗಂತ ಸಸ್ಯಾಹಾರಿಗಳು ಚಪ್ಪಾಳೆ ತಟ್ಟುವ ಮೊದಲು ಕರಾವಳಿಯವರ ಮಾತು ಕೇಳಿ. ಸಮುದ್ರದ ಮೀನಿನಲ್ಲಿ ಟಿಎಂಎಒ ರೆಡಿಮೇಡ್ ಆಗಿಯೇ ಇದೆ. ಮೀನು ತಿಂದ ಮೇಲೆ ರಕ್ತದಲ್ಲಿ ಧಿಡೀರ್ ಏರುತ್ತದೆ, ಆದರೂ ಮೀನು ತಿನ್ನುವವರಿಗೆ ಒಟ್ಟಾರೆ ಹೃದಯರೋಗ ಜಾಸ್ತಿ ಅಂತೇನೂ ಕಂಡುಬಂದಿಲ್ಲ. ಮತ್ತೆ, ಟಿಎಂಎಒ ಹೊರಗೆ ಹಾಕುವುದೂ ಕಿಡ್ನಿಯೇ. ಕಿಡ್ನಿ ಸ್ವಲ್ಪ ಸೋತಿದ್ದರೆ ಟಿಎಂಎಒ ಏರುತ್ತದೆ, ಹೃದಯಕ್ಕೂ ತೊಂದರೆ ಬರುತ್ತದೆ. ಕಳ್ಳ ಟಿಎಂಎಒ ಇರಬಹುದು, ಅಥವಾ ಕಳ್ಳತನವಾದ ಮನೆಯ ಮುಂದೆ ನಿಂತಿದ್ದವನು ಮಾತ್ರ ಇರಬಹುದು. ನನ್ನ ಒಲವು ಎರಡರ ಮಧ್ಯೆ ಎಲ್ಲೋ ಇದೆ.

ಕೆಲವರು ಚೀಟಿಯಲ್ಲಿ ಪ್ರಶ್ನೆ ಕಳಿಸಿದ್ದಾರೆ. ಮೊದಲನೆಯದು: ಬಿ12 ವಿಟಮಿನ್ನನ್ನು ಕರುಳಿನ ಬ್ಯಾಕ್ಟೀರಿಯಾ ಮಾಡುತ್ತವಂತೆ, ಆದರೂ ಡಾಕ್ಟರು ನನಗೆ ಇಂಜೆಕ್ಷನ್ ಯಾಕೆ ಬರೆದರು? ಒಳ್ಳೆಯ ಪ್ರಶ್ನೆ. ಮಾಡುತ್ತವೆ, ಧಾರಾಳವಾಗಿ ಮಾಡುತ್ತವೆ, ಆದರೆ ದೊಡ್ಡ ಕರುಳಿನಲ್ಲಿ. ಬಿ12 ಹೀರಿಕೊಳ್ಳುವ ಜಾಗ ಅದಕ್ಕಿಂತ ಮೇಲೆ, ಸಣ್ಣ ಕರುಳಿನ ಕೊನೆಯಲ್ಲಿ. ಕೆಳಗಿನ ಕೆರೆ ತುಂಬಿದರೆ ಮೇಲಿನ ಗದ್ದೆಗೆ ನೀರು ಹತ್ತುತ್ತಾ? ದಕ್ಷಿಣ ಭಾರತದ ಆರೋಗ್ಯವಂತರ ಸಣ್ಣ ಕರುಳಿನಲ್ಲೂ ಬಿ12 ಮಾಡುವ ಕೆಲವು ಬ್ಯಾಕ್ಟೀರಿಯಾ ಇವೆ ಅಂತ ವೆಲ್ಲೂರಿನವರೇ 1980ರಲ್ಲಿ ತೋರಿಸಿದ್ದಾರೆ. ಅದನ್ನು ನೆಚ್ಚಿಕೊಂಡು ಕೂರಬೇಡಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯ. ಡಾಕ್ಟರು ಬರೆದ ಇಂಜೆಕ್ಷನ್ ತಗೊಳ್ಳಿ.

ಎರಡನೆಯದು: ಮೌತ್‌ವಾಶ್ ಬಳಸಬಹುದಾ? ಹಲ್ಲಿನ ಡಾಕ್ಟರು ಇಷ್ಟು ದಿನ ಅಂತ ಬರೆದುಕೊಟ್ಟರೆ ಬಳಸಿ. ಸುಮ್ನೆ ಅಭ್ಯಾಸಕ್ಕೆ ದಿನಾ ಬೇಡ ಅನ್ನುತ್ತೇನೆ. ಸೊಪ್ಪು, ಬೀಟ್‌ರೂಟ್‌ನಲ್ಲಿರುವ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದರಿಂದ ದೇಹ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ಲಂಡನ್ನಿನಲ್ಲಿ 2013ರಲ್ಲಿ ಆರೋಗ್ಯವಂತರಿಗೆ ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಅನ್ನುವ ಮೌತ್‌ವಾಶಿನಿಂದ ಬಾಯಿ ಮುಕ್ಕಳಿಸಲು ಹೇಳಿದರು. ಬಿಪಿ 2ರಿಂದ 3.5 ಪಾಯಿಂಟಿನಷ್ಟು ಏರಿತು. ದೊಡ್ಡದೇನಲ್ಲ, ಆದರೆ ಬಾಯಿ ತೊಳೆದದ್ದಕ್ಕೆ ಬಿಪಿ ಯಾಕೆ ಏರಬೇಕು?

ಕೊನೆಯ ಚೀಟಿ. "ಆ ಅಜ್ಜಿ ಏನಾದರು?" ಚೆನ್ನಾಗಾದರು. ಡಾಕ್ಟರು ಬಂದು ಕ್ಯಾಥೆಟರು, ಚೀಲ ಎರಡನ್ನೂ ಬದಲಾಯಿಸಿದರು, ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಗೆ ಮಾತ್ರೆ ಕೊಟ್ಟರು, ಹೊಟ್ಟೆ ಹೋಗಲು ಔಷಧ ಕೊಟ್ಟರು. ನಾಲ್ಕೈದು ದಿನದಲ್ಲಿ ಬಣ್ಣ ಹೋಯಿತು. ಯುಗಾದಿ ಹೊತ್ತಿಗೆ ವಾಕರ್ ಹಿಡಿದು ಓಡಾಡುತ್ತಿದ್ದರು. ಅವತ್ತು ಬೆಳಗ್ಗೆ ನಾನು ಚೀಲದ ಮುಂದೆ ನಿಂತು ಸೊಸೆಗೆ ಇಂಡೋಲ್, ಇಂಡಿಗೊ ಅಂತ ಪಾಠ ಮಾಡುತ್ತಿದ್ದಾಗ ಅಜ್ಜಿ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. "ಇದೇ ಬಣ್ಣದ್ದೊಂದು ಇಳಕಲ್ ಸೀರೆ ಇತ್ತು ಕಣಪ್ಪ ನನ್ನ ಹತ್ರ" ಅಂದರು. "ಯಾರಿಗೆ ಕೊಟ್ಟೆನೋ, ನೆನಪೇ ಇಲ್ಲ."